ಮಾತ್ರೆ ಮೊದಲೋ, ನಳ ಮೊದಲೋ

ರಾಯಚೂರು ಜಿಲ್ಲೆಯ ಜನ ಹೊಟ್ಟೆಯ ಬೇನೆ ಬಂದಾಗ ಮೊದಲು ನೀರನ್ನು ದೂರುತ್ತಾರೆ. ಅದಕ್ಕೆ ಕಾರಣವೂ ಇದೆ. 2022ರ ಮೇ ಕೊನೆಯಲ್ಲಿ ರಾಯಚೂರು ನಗರದ ಇಂದಿರಾನಗರ ಮತ್ತು ಸುತ್ತಲಿನ ಬಡಾವಣೆಗಳಲ್ಲಿ ನಳದ ನೀರು ಕುಡಿದವರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ಸತ್ತರು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ತನಿಖೆಗೆ ಆದೇಶಿಸಿದರು, ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿದರು. ಮರುವರ್ಷದ ಬೇಸಿಗೆಯಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರಿಗೆ ಒಬ್ಬ ಬಾಲಕ ಬಲಿಯಾದ, ಹತ್ತಾರು ಜನ ಹಾಸಿಗೆ ಹಿಡಿದರು. ಪತ್ರಿಕೆಗಳು ಬರೆದವು, ಅಧಿಕಾರಿಗಳು ಓಡಾಡಿದರು, ಮಾದರಿಗಳು ಪ್ರಯೋಗಾಲಯಕ್ಕೆ ಹೋದವು.

ಇದೇ ಊರುಗಳ ಹೊಟ್ಟೆಗಳಲ್ಲಿ ಇನ್ನೊಂದು ಸೋಂಕಿದೆ. ಅದಕ್ಕೆ ತನಿಖೆಯಿಲ್ಲ, ಪರಿಹಾರವೂ ಇಲ್ಲ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸುರುಳಿಯಾಕಾರದ ಈ ಬ್ಯಾಕ್ಟೀರಿಯಾ ಜಠರದ ಒಳಪದರದ ಲೋಳೆಯಲ್ಲಿ ನೆಲೆಸುತ್ತದೆ. ಯೂರಿಯವನ್ನು ಒಡೆದು ಅಮೋನಿಯ ಮಾಡಿಕೊಂಡು ತನ್ನ ಸುತ್ತಲ ಆಮ್ಲವನ್ನು ತಣಿಸುತ್ತದೆ. ಚಿಕಿತ್ಸೆ ಮಾಡದಿದ್ದರೆ ಸಾಮಾನ್ಯವಾಗಿ ಸಾಯುವ ತನಕ ಹೋಗುವುದಿಲ್ಲ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಇದನ್ನು ಬೆಳೆಸಿ ತೋರಿಸುವವರೆಗೆ, ಹೊಟ್ಟೆಯ ಹುಣ್ಣಿಗೆ ಚಿಂತೆ ಮತ್ತು ಖಾರವೇ ಮೂಲವೆಂದು ವೈದ್ಯಲೋಕ ನಂಬಿತ್ತು. ನಂಬದವರಿಗಾಗಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಜಠರದ ಉರಿಯೂತ ಬರಿಸಿಕೊಂಡ. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ರಾಯಚೂರಿನ ಮಂಡಾಳ ಒಗ್ಗರಣೆ, ಮಿರ್ಚಿಗಳ ಮೇಲಿನ ಆಪಾದನೆ ಮಾತ್ರ ಇನ್ನೂ ಹೋಗಿಲ್ಲ. ಅವು ಹುಣ್ಣನ್ನು ಕೆರಳಿಸಬಹುದು, ಹುಟ್ಟಿಸುವುದಿಲ್ಲ.

2015ರ ಹೊತ್ತಿನ ಅಂದಾಜಿನಂತೆ ಜಗತ್ತಿನ ಸುಮಾರು 440 ಕೋಟಿ ಜನರಲ್ಲಿ, ಅಂದರೆ ಅರ್ಧಕ್ಕಿಂತ ಹೆಚ್ಚು ಮನುಷ್ಯರಲ್ಲಿ, ಈ ಸೋಂಕು ಇತ್ತು. ಭಾರತದಲ್ಲಿ ಸೋಂಕಿನ ಪ್ರಮಾಣ ನೂರಕ್ಕೆ ಅರವತ್ತನ್ನು ದಾಟಿತ್ತು. ಈಚಿನ ವರ್ಷಗಳಲ್ಲಿ ಜಗತ್ತಿನ ವಯಸ್ಕರ ಪ್ರಮಾಣ ನೂರಕ್ಕೆ 44ರ ಆಸುಪಾಸಿಗೆ ಇಳಿದಿದೆ. ರಾಯಚೂರಿನವರು ದೊಡ್ಡ ಕಾಯಿಲೆಗೆ ಬಸ್ಸು ಹತ್ತುವ ಹೈದರಾಬಾದಿನಲ್ಲಿ ನಡೆದು 1991ರಲ್ಲಿ ಪ್ರಕಟವಾದ ರಕ್ತಪರೀಕ್ಷೆಯ ಅಧ್ಯಯನವೊಂದು, ಇಪ್ಪತ್ತು ದಾಟುವ ಹೊತ್ತಿಗೆ ಬಹುಪಾಲು ಜನ ಸೋಂಕಿತರಾಗಿರುತ್ತಾರೆಂದು ತೋರಿಸಿತ್ತು. ಸೋಂಕಿತರಲ್ಲಿ ಹೆಚ್ಚಿನವರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ. ನೂರರಲ್ಲಿ ಹತ್ತರಿಂದ ಇಪ್ಪತ್ತು ಜನರಿಗೆ ಎಂದಾದರೂ ಹುಣ್ಣಾಗಬಹುದು, ಒಬ್ಬಿಬ್ಬರಿಗೆ ಜಠರದ ಕ್ಯಾನ್ಸರ್ ಬರಬಹುದು. ಇಷ್ಟು ವ್ಯಾಪಕವಾಗಿರುವ, ಇಷ್ಟು ಕಡಿಮೆ ಜನರನ್ನು ಕಾಡುವ ಸೋಂಕನ್ನು ಏನು ಮಾಡಬೇಕೆಂಬುದರಲ್ಲಿ ತಿಳಿದವರಲ್ಲೇ ಒಮ್ಮತವಿಲ್ಲ. ಹುಡುಕಿ ಮಾತ್ರೆ ಕೊಟ್ಟು ಕೊಲ್ಲಬೇಕೆಂದು ಕೆಲವರು ಹೇಳುತ್ತಾರೆ. ನೀರು, ಸಂಡಾಸು, ಮನೆ ಸರಿಹೋದರೆ ಅದು ತಾನೇ ಹೋಗುತ್ತದೆಂದು ಇನ್ನು ಕೆಲವರು. ಇಬ್ಬರೂ ಪ್ರಾಮಾಣಿಕರು, ಇಬ್ಬರ ಕೈಯಲ್ಲೂ ಪುರಾವೆಯಿದೆ.

ಮಾತ್ರೆಯ ಪಕ್ಷದ ಬಲವಾದ ಮಾತು ಕಾಲಕ್ಕೆ ಸಂಬಂಧಿಸಿದ್ದು. ಈ ಸೋಂಕು ತಗಲುವುದು ಬಹುಮಟ್ಟಿಗೆ ಬಾಲ್ಯದಲ್ಲಿ. ಇದೇ ಜಿಲ್ಲೆಯ ಮಾನ್ವಿಯ ನಲವತ್ತು ವರ್ಷದ ಕೂಲಿ ಹೆಂಗಸಿನ ಮನೆಗೆ ನಾಳೆಯೇ ಶುದ್ಧ ನೀರು ಬಂದರೂ ಅವಳ ಜಠರದಲ್ಲಿರುವುದು ಹೋಗದು. ಅವಳಿಂದ ಅವಳ ಮಕ್ಕಳಿಗೆ, ಮೊಮ್ಮಕ್ಕಳಿಗೆ ದಾಟುವ ದಾರಿಯೂ ಮುಚ್ಚದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲಿಯೇ ಇದನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಇದು ಲಕ್ಷಣವಿರಲಿ ಬಿಡಲಿ ಒಂದು ಸಾಂಕ್ರಾಮಿಕ ರೋಗವೇ, ಬಲವಾದ ಅಡ್ಡಿಯಿಲ್ಲದಿದ್ದರೆ ಸೋಂಕಿತರೆಲ್ಲರಿಗೂ ಚಿಕಿತ್ಸೆ ಸಲ್ಲಬೇಕೆಂದು 2015ರ ಕ್ಯೋಟೋ ತಜ್ಞರ ಒಮ್ಮತವರದಿ ಹೇಳಿತು. ತೈವಾನಿಗೆ ಸೇರಿದ ಮಾತ್ಸು ದ್ವೀಪಗಳಲ್ಲಿ 2004ರಿಂದ ಮೂವತ್ತು ದಾಟಿದವರನ್ನು ಪರೀಕ್ಷಿಸಿ ಔಷಧ ಕೊಟ್ಟರು. 2018ರ ಹೊತ್ತಿಗೆ ಸೋಂಕಿನ ಪ್ರಮಾಣ ನೂರಕ್ಕೆ 64ರಿಂದ 15ಕ್ಕೆ ಇಳಿಯಿತು, ಜಠರ ಕ್ಯಾನ್ಸರ್ ಅರ್ಧಕ್ಕಿಂತ ತುಸು ಹೆಚ್ಚೇ ಕಡಿಮೆಯಾಯಿತು. ಕೊಳವೆ ಹಾಕುವುದಕ್ಕೆ ಕಾಯದೆ, ಒಂದು ತಲೆಮಾರಿನೊಳಗೇ ಆದ ಫಲವಿದು.

ಇದಕ್ಕೆ ಇನ್ನೊಂದು ವಾದವನ್ನೂ ಸೇರಿಸಬೇಕು, ಏಕೆಂದರೆ ನಮ್ಮ ಜಿಲ್ಲೆಗೆ ಅದು ಕ್ಯಾನ್ಸರಿಗಿಂತ ಹತ್ತಿರದ್ದು. ಈ ಸೋಂಕು ಕಬ್ಬಿಣದ ಕೊರತೆಯ ರಕ್ತಹೀನತೆಗೂ ದಾರಿಯಾಗಬಲ್ಲದು. ಕಬ್ಬಿಣದ ಗುಳಿಗೆ ನುಂಗಿದರೂ ರಕ್ತ ಏರದ ಹೆಂಗಸಿನಲ್ಲಿ, ಬೇರೆ ಕಾರಣ ಕಾಣದಾಗ, ಇದನ್ನು ಪರೀಕ್ಷಿಸಬೇಕೆಂದು ಮಾರ್ಗಸೂಚಿಗಳೇ ಹೇಳುತ್ತವೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿಟ್ಟ ದೇವದುರ್ಗದಂಥ ಕಡೆ ರಕ್ತಹೀನತೆ ಅಪರೂಪದ ಮಾತಲ್ಲ. ಅದರ ಹಿಂದೆ ಊಟದ ಕೊರತೆಯಿದೆ, ಕೊಕ್ಕೆಹುಳುವಿದೆ, ಮೇಲಿಂದ ಮೇಲೆ ಹೆರಿಗೆಯಿದೆ. ಇದೂ ಒಂದಿರಬಹುದು.

ಎದುರು ಪಕ್ಷ ಈ ಪುರಾವೆಗಳನ್ನು ಅಲ್ಲಗಳೆಯುವುದಿಲ್ಲ. ಅವು ಇಲ್ಲಿಗೆ ಎಷ್ಟು ಹೊಂದುತ್ತವೆಂದು ಕೇಳುತ್ತದೆ. ಮಾತ್ಸು ಕೆಲವೇ ಸಾವಿರ ಜನರ ದ್ವೀಪಗುಚ್ಛ, ಜಠರ ಕ್ಯಾನ್ಸರ್ ಬಹಳವಿದ್ದ ಜಾಗ. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯಲ್ಲಿ 19 ಲಕ್ಷಕ್ಕೂ ಹೆಚ್ಚು ಜನರಿದ್ದರು. ಭಾರತದ ಮಟ್ಟಿಗೆ ಒಂದು ಒಗಟು ಕೂಡ ಇದೆ. ಸೋಂಕು ಇಷ್ಟು ಹೆಚ್ಚಿದ್ದರೂ ಜಠರ ಕ್ಯಾನ್ಸರ್ ಒಟ್ಟಾರೆ ಕಡಿಮೆ. ಮಿಜೋರಂನಂಥ ಕಡೆ ಅದು ತುಂಬ ಹೆಚ್ಚು, ದಕ್ಷಿಣದಲ್ಲಿ ಉತ್ತರಕ್ಕಿಂತ ಹೆಚ್ಚು, ಆದರೂ ಜಪಾನ್, ಚೀನಾಗಳ ಮಟ್ಟಕ್ಕೆ ದೇಶ ಏರಿಲ್ಲ. ಬ್ಯಾಕ್ಟೀರಿಯಾದ ತಳಿ, ಮನುಷ್ಯನ ವಂಶವಾಹಿ, ಊಟದ ಉಪ್ಪು, ತಂಬಾಕು ಇವೆಲ್ಲ ಸೇರಿ ಫಲವನ್ನು ನಿರ್ಧರಿಸುತ್ತವೆ. ಕ್ಯಾನ್ಸರ್ ಕಡಿಮೆಯಿರುವಲ್ಲಿ ಒಂದು ಕ್ಯಾನ್ಸರನ್ನು ತಪ್ಪಿಸಲು ನೂರಾರು ಆರೋಗ್ಯವಂತರಿಗೆ ಮಾತ್ರೆ ಕೊಡಬೇಕಾಗುತ್ತದೆ.

ಆ ಮಾತ್ರೆಯೇನೂ ಹಗುರವಲ್ಲ. ಆಮ್ಲ ತಗ್ಗಿಸುವ ಗುಳಿಗೆಯ ಜೊತೆಗೆ ಎರಡು ಮೂರು ಔಷಧ, ಹದಿನಾಲ್ಕು ದಿನ, ದಿನಕ್ಕೆ ಎರಡು ಅಥವಾ ನಾಲ್ಕು ಹೊತ್ತು. ಬಾಯಿ ಲೋಹದ ರುಚಿ ಹಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ. ನಾಟಿ ಅಥವಾ ಹತ್ತಿ ಬಿಡಿಸುವ ಹಂಗಾಮಿನಲ್ಲಿ ನಡುವೆಯೇ ನಿಲ್ಲಿಸಿಬಿಡುವವರಿರುತ್ತಾರೆ. ಅರ್ಧಕ್ಕೆ ಬಿಟ್ಟ ಕೋರ್ಸು ಸೋಂಕನ್ನು ಕೊಲ್ಲದೆ ಔಷಧಕ್ಕೆ ಬಗ್ಗದ ತಳಿಯನ್ನು ಉಳಿಸುತ್ತದೆ. ಭೇದಿ ಎಂದೊಡನೆ ಮೆಟ್ರೊನಿಡಜೋಲ್ ನುಂಗುವ ನಮ್ಮ ಅಭ್ಯಾಸದಿಂದಾಗಿ, ಈ ಬ್ಯಾಕ್ಟೀರಿಯಾದ ಭಾರತೀಯ ತಳಿಗಳಲ್ಲಿ ಆ ಔಷಧಕ್ಕೆ ನಿರೋಧ ಈಗಾಗಲೇ ಬಹಳ ಹೆಚ್ಚು. ಲಕ್ಷಾಂತರ ಜನರಿಗೆ ಒಮ್ಮೆಲೇ ಆ್ಯಂಟಿಬಯೋಟಿಕ್ ಹಂಚಿದರೆ, ಅದರ ಬೆಲೆಯನ್ನು ನ್ಯುಮೋನಿಯ ಬಂದ ಮಗು, ಬಾಣಂತಿ ನಂಜು ಬಂದ ತಾಯಿ ತೆರಬೇಕಾದೀತು. ಅಮೆರಿಕದ ಮಾರ್ಟಿನ್ ಬ್ಲೇಸರ್ ಅವರಂಥ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹತ್ತಾರು ಸಾವಿರ ವರ್ಷ ಮನುಷ್ಯನ ಜೊತೆ ಬಾಳಿದ ಈ ಜೀವಿಯನ್ನು ಪೂರ್ತಿ ಅಳಿಸಿದರೆ ಅನ್ನನಾಳದ ಆಮ್ಲಬಾಧೆ, ಬಾಲ್ಯದ ಅಸ್ತಮಾ ಹೆಚ್ಚಬಹುದೆಂದು ಎಚ್ಚರಿಸಿದ್ದಾರೆ. ಈ ಕೊನೆಯ ವಾದ ಇನ್ನೂ ಸಾಬೀತಾಗಿಲ್ಲ, ನಾನು ಅದಕ್ಕೆ ಹೆಚ್ಚು ತೂಕ ಕೊಡುವುದಿಲ್ಲ. ನಿರೋಧದ ವಾದಕ್ಕೆ ಮಾತ್ರ ಪೂರ್ತಿ ತೂಕ ಸಲ್ಲಬೇಕು.

ಮಾತ್ರೆಯವರ ಉತ್ತರವೂ ಚುರುಕಾಗಿಯೇ ಇದೆ. ಆ್ಯಂಟಿಬಯೋಟಿಕ್ ಈಗ ಹಂಚಿಕೆಯಾಗುತ್ತಿಲ್ಲವೆ? ಹಳ್ಳಿಯ ಸೂಜಿ ಡಾಕ್ಟರು ಮೂರು ದಿನಕ್ಕೆ ಒಂದು ಪೊಟ್ಟಣ ಕಟ್ಟಿಕೊಡುವುದು, ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಗ್ಯಾಸಿನ ಗುಳಿಗೆ ಸಿಗುವುದು ಯಾವ ಯೋಜನೆಯ ಫಲ? ಪರೀಕ್ಷಿಸಿ, ಪೂರ್ತಿ ಕೋರ್ಸು ಕೊಟ್ಟು, ಹೋಯಿತೇ ಎಂದು ಮತ್ತೆ ನೋಡುವ ಕ್ರಮಬದ್ಧ ಚಿಕಿತ್ಸೆ ಈ ಅರಾಜಕತೆಗಿಂತ ಕಡಿಮೆ ಔಷಧ ಬಳಸುತ್ತದೆಂಬುದು ಅವರ ಮಾತು. ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗಿ ಉರಿಯನ್ನಷ್ಟೆ ಅದುಮಿಟ್ಟವನ ಹುಣ್ಣು ಒಂದು ರಾತ್ರಿ ಒಡೆದು ರಕ್ತ ಕಾರಿದಾಗ, ಅವನನ್ನು ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೊತ್ತು ತರುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕೆನ್ನುತ್ತಾರೆ.

ಆದರೆ ಹುಣ್ಣೆಲ್ಲ ಈ ಬ್ಯಾಕ್ಟೀರಿಯಾದ್ದೇ ಅಲ್ಲ. ದಿನವಿಡೀ ಬಗ್ಗಿ ನಾಟಿ ಹಚ್ಚಿದವರು, ಕಲ್ಲು ಹೊತ್ತವರು ಸಂಜೆ ನುಂಗುವ ಮೈಕೈ ನೋವಿನ ಗುಳಿಗೆಯೂ ಜಠರವನ್ನು ಕೊರೆಯುತ್ತದೆ. ಎರಡೂ ಕೂಡಿದರೆ ಅಪಾಯ ಇಮ್ಮಡಿಗಿಂತ ಹೆಚ್ಚು.

ಇನ್ನು ನಳದ ಪಕ್ಷ. ಅವರ ಅತ್ಯುತ್ತಮ ಸಾಕ್ಷಿ ಜಪಾನ್. 1950ರಲ್ಲಿ ಹುಟ್ಟಿದ ಜಪಾನೀಯರಲ್ಲಿ ನೂರಕ್ಕೆ ಸುಮಾರು 60 ಜನರಿಗೆ ಈ ಸೋಂಕಿದ್ದರೆ, 2000ದಲ್ಲಿ ಹುಟ್ಟಿದವರಲ್ಲಿ ಅದು 7ರ ಆಸುಪಾಸು. ಜಠರದ ಉರಿಯೂತಕ್ಕಾಗಿ ಈ ಚಿಕಿತ್ಸೆಯನ್ನು ಅಲ್ಲಿನ ವಿಮೆ ಒಪ್ಪಿದ್ದು 2013ರಲ್ಲಿ. ಅಷ್ಟರೊಳಗೆ ಸೋಂಕು ಕುಸಿದೇ ಹೋಗಿತ್ತು. ಒಳಚರಂಡಿ, ನೀರು, ಸಣ್ಣ ಕುಟುಂಬ, ಒಬ್ಬೊಬ್ಬರಿಗೆ ಒಂದೊಂದು ಹಾಸಿಗೆ ಆ ಕೆಲಸ ಮಾಡಿದ್ದವು. ನೀರಿನ ಪಾತ್ರಕ್ಕೆ ನೇರ ಸಾಕ್ಷಿಯೂ ಇದೆ. ಪೆರು ದೇಶದ ಲಿಮಾದಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಗರದ ಕೊಳವೆ ನೀರು ಕುಡಿದ ಮಕ್ಕಳಲ್ಲಿ ಸೋಂಕು ಬಾವಿ ನೀರಿನವರಿಗಿಂತ ಹೆಚ್ಚಿತ್ತು, ಉಳ್ಳವರ ಮನೆಯ ಮಕ್ಕಳೂ ಪಾರಾಗಿರಲಿಲ್ಲ. ಹೈದರಾಬಾದಿನ 2007ರ ಅಧ್ಯಯನದಲ್ಲಿ ಇದಕ್ಕೆ ತಿರುಗುಮುರುಗು. ಅಲ್ಲಿ ಬಾವಿ ನೀರಿನವರಲ್ಲೇ ಹೆಚ್ಚು, ನಳದವರಲ್ಲಿ ಕಡಿಮೆ. ಈ ಎರಡನ್ನು ಒಟ್ಟಿಗೆ ಓದಿದರೆ ನೀರು ಎಲ್ಲಿಂದ ಬಂತೆಂಬುದಕ್ಕಿಂತ ದಾರಿಯಲ್ಲಿ ಅದಕ್ಕೆ ಏನು ಸೇರಿತೆಂಬುದು ಮುಖ್ಯವೆಂದು ತೋರುತ್ತದೆ. ದಿನಕ್ಕೊಮ್ಮೆಯೋ ಎರಡು ದಿನಕ್ಕೊಮ್ಮೆಯೋ ನೀರು ಬಿಡುವ ಊರಿನಲ್ಲಿ ಕೊಳವೆ ಖಾಲಿಯಾದಾಗ ಒತ್ತಡ ಇಳಿದು, ಅದು ಪಕ್ಕದ ಚರಂಡಿಯ ನೀರನ್ನು ಬಿರುಕಿನಿಂದ ಒಳಕ್ಕೆ ಸೆಳೆದುಕೊಳ್ಳುತ್ತದೆ. ಕೃಷ್ಣೆ ತುಂಗಭದ್ರೆಯರ ನಡುವೆ ಕೂತ ರಾಯಚೂರಿಗೆ ನೀರಿನ ಬರ ಇರಬಾರದಿತ್ತು. ಬರ ಕೊಳವೆಯದು.

ಆದರೆ ನೀರೇ ಕಾರಣವೆನ್ನುವುದಕ್ಕೂ ಅಡ್ಡಿಗಳಿವೆ. ನೀರಿನ ಮಾದರಿಗಳಲ್ಲಿ ಈ ಬ್ಯಾಕ್ಟೀರಿಯಾದ ಡಿಎನ್‌ಎ ಸಿಗುತ್ತದೆ, ಜೀವಂತ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸುವುದು ಬಹಳ ಕಷ್ಟ. ನೀರಿನಲ್ಲಿ ಅದು ಗುಂಡಾದ ಸುಪ್ತ ರೂಪ ತಾಳುತ್ತದೆ, ಆ ರೂಪಕ್ಕೆ ಸೋಂಕಿಸುವ ಶಕ್ತಿ ಎಷ್ಟೆಂಬುದು ಇನ್ನೂ ವಾದದಲ್ಲಿದೆ. ಸರಿಯಾದ ಪ್ರಮಾಣದ ಕ್ಲೋರಿನ್‌ಗೆ ಅದು ಸುಲಭವಾಗಿ ಸಾಯುತ್ತದೆ, ಕೊಳವೆಯ ಒಳಗೋಡೆಯ ಲೋಳೆಪದರದಲ್ಲಿ ಅವಿತರೆ ಮಾತ್ರ ಉಳಿಯಬಹುದು. ಬಹುತೇಕ ಅಧ್ಯಯನಗಳಲ್ಲಿ ಮಗುವಿನ ಸೋಂಕಿಗೆ ಬಲವಾದ ಸುಳಿವು ತಾಯಿ ಸೋಂಕಿತಳೇ, ಅಣ್ಣತಮ್ಮಂದಿರು ಸೋಂಕಿತರೇ, ಒಂದೇ ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ ಎಂಬವು. ಎಂಜಲಿಗೆ ಅಷ್ಟು ಹೆದರಿ ತಂಬಿಗೆಯನ್ನು ಎತ್ತಿ ಕುಡಿಯುವ ನಮ್ಮ ಮನೆಗಳಲ್ಲೂ ಕೂಸಿನ ಬಾಯಿಯ ವಿಷಯಕ್ಕೆ ಆ ನಿಯಮ ಸಡಿಲ.

ರಾಯಚೂರು ನಗರ, ಮಾನ್ವಿ, ದೇವದುರ್ಗ ಈ ಮೂರೂ ಕಡೆ ನೀರು ಮತ್ತು ಮನೆಯ ಪ್ರಭಾವಗಳು ಒಂದೇ ತೆರನಾಗಿ ಹಂಚಿಕೆಯಾಗಿಲ್ಲ. ನಗರದಲ್ಲಿ ಚರಂಡಿಗೆ ಒತ್ತಿಕೊಂಡ ಹಳೆಯ ಕೊಳವೆ ಮತ್ತು ಬಾಡಿಗೆ ಮನೆಗಳ ಇಕ್ಕಟ್ಟು. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿಯಲ್ಲಿ ಕಾಲುವೆ ನೀರು ತುಂಬಿಟ್ಟ ಕೆರೆ. ಕಾಲುವೆ ನಿಂತ ಬೇಸಿಗೆಯಲ್ಲಿ ಕೆರೆಯ ತಳದ ನೀರು, ಅದೂ ತೀರಿದರೆ ಫ್ಲೋರೈಡಿನ ಕೊಳವೆಬಾವಿ. ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನು ಫ್ಲೋರೈಡನ್ನು ಇಳಿಸುತ್ತದೆ. ಮನೆಯಲ್ಲಿ ಅದನ್ನು ಕೊಡಕ್ಕೆ ಸುರಿದು, ಕೈ ಅದ್ದಿ ಲೋಟ ತುಂಬಿಕೊಂಡರೆ ಘಟಕದ ಶುದ್ಧಿ ಅಲ್ಲಿಗೆ ಮುಗಿಯಿತು. ದೇವದುರ್ಗದ ಚಿತ್ರ ಬೇರೆ. ಸುಗ್ಗಿ ಮುಗಿದೊಡನೆ ಕುಟುಂಬಗಳು ಬೆಂಗಳೂರು, ಹೈದರಾಬಾದ್, ಪುಣೆಗಳಿಗೆ ಗುಳೆ ಹೋಗುತ್ತವೆ. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಆರೇಳು ಜನ, ಟ್ಯಾಂಕರ್ ನೀರು, ಹತ್ತಾರು ಮನೆಗೆ ಒಂದು ಸಂಡಾಸು. ಊರಿನ ನಳ ಎಷ್ಟೇ ಶುದ್ಧವಾಗಲಿ, ವರ್ಷದ ಅರ್ಧ ಊರಲ್ಲೇ ಇರದ ಮಗುವಿಗೆ ಅದು ಅರ್ಧ ರಕ್ಷಣೆ. ನೀರಿನ ಯೋಜನೆಗಳನ್ನು ಬರೆಯುವವರು ಈ ಒಂದು ಸಂಗತಿಯನ್ನು ಮರೆಯುತ್ತಾರೆಂಬುದು ನನ್ನ ಆಕ್ಷೇಪ.

ನೀರೋ ಮನೆಯೋ ಎಂಬ ಈ ಜಗಳವನ್ನು ಬೇರೆ ರೀತಿಯಲ್ಲಿ ನೋಡಲು ಸಾಧ್ಯವೆಂದು ಎರಡು ಅಧ್ಯಯನಗಳು ತೋರಿಸಿವೆ. ಅಮೆರಿಕದ ಜೂಲಿ ಪಾರ್ಸೊನೆಟ್ ಮತ್ತು ಸಂಗಡಿಗರು 1999ರಲ್ಲಿ, ಸೋಂಕಿತರ ವಾಂತಿಯಿಂದ ಜೀವಂತ ಬ್ಯಾಕ್ಟೀರಿಯಾವನ್ನು ಸುಲಭವಾಗಿ ಬೆಳೆಸಬಹುದೆಂದು ತೋರಿಸಿದರು. ಭೇದಿ ಮಾಡಿಸಿದಾಗ ಮಲದಿಂದಲೂ ಅದು ಸಿಕ್ಕಿತು, ಸಹಜ ಮಲದಲ್ಲಿ ಸಿಗಲಿಲ್ಲ. ಇದೇ ತಂಡ ಉತ್ತರ ಕ್ಯಾಲಿಫೋರ್ನಿಯದ ವಲಸಿಗ ಕುಟುಂಬಗಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಮನೆಯಲ್ಲಿ ಈ ಸೋಂಕಿರುವವರಿಗೆ ವಾಂತಿಭೇದಿಯಾದರೆ, ಉಳಿದವರಿಗೆ ಹೊಸದಾಗಿ ಸೋಂಕು ತಗಲುವ ಸಾಧ್ಯತೆ 4.8 ಪಟ್ಟು ಏರುತ್ತದೆ. ಅದರಲ್ಲೂ ವಾಂತಿಯಿಂದ ಹೆಚ್ಚು ಅಪಾಯ.

ಇದನ್ನು 2022ರ ಇಂದಿರಾನಗರಕ್ಕೆ, 2023ರ ರೇಕಲಮರಡಿಗೆ ಹೊಂದಿಸಿ ನೋಡಿ. ಕೊಳೆ ನೀರಿನಲ್ಲಿ ಎಚ್. ಪೈಲೋರಿ ಇರಲೇಬೇಕೆಂದಿಲ್ಲ. ಆ ನೀರು ಬೇರೆ ರೋಗಾಣುವಿನಿಂದ ಮನೆಯ ಹಿರಿಯರಿಗೆ ವಾಂತಿ ಮಾಡಿಸಿದರೆ, ಅವರ ಜಠರದಲ್ಲಿ ಮೊದಲೇ ಇದ್ದದ್ದು ಹೊರಬಂದು, ಒರೆಸಿದ ಕೈಯಿಂದ, ಹಾಸಿಗೆಯಿಂದ ಕೂಸನ್ನು ಮುಟ್ಟಬಹುದು. ಹೀಗಾಗಿ ವಾಂತಿಭೇದಿಯ ಪ್ರತಿಯೊಂದು ಪ್ರಕರಣಕ್ಕೂ ಮುಂದಿನ ತಲೆಮಾರಿನ ಹುಣ್ಣಿನ ಲೆಕ್ಕದಲ್ಲಿ ಒಂದು ಪಾಲಿರಬಹುದು. ಇದು ಕ್ಯಾಲಿಫೋರ್ನಿಯದ ಪುರಾವೆಯನ್ನು ರಾಯಚೂರಿಗೆ ವಿಸ್ತರಿಸಿದ ತರ್ಕ, ಅಷ್ಟರ ಮಟ್ಟಿಗೆ ಎಚ್ಚರದಿಂದಲೇ ಒಪ್ಪಬೇಕಾದದ್ದು. ಆದರೂ ನಳದ ಪಕ್ಷಕ್ಕೆ ಇದು ಹೊಸ ಬಲ ಕೊಡುತ್ತದೆ. ಸೋಂಕಿತ ಹಿರಿಯರನ್ನು ಹಾಗೆಯೇ ಬಿಟ್ಟು ನೀರನ್ನಷ್ಟೇ ಸರಿಪಡಿಸುವುದು ಅರೆಕೆಲಸವೆಂದು ಮಾತ್ರೆಯ ಪಕ್ಷಕ್ಕೂ ಹೇಳಲು ಬರುತ್ತದೆ.

ಎರಡೂ ಕಡೆಯದನ್ನು ಕೇಳಿದ ಮೇಲೆ, ಜಿಲ್ಲೆಯ ಎಲ್ಲರನ್ನೂ ಪರೀಕ್ಷಿಸಿ ಮಾತ್ರೆ ಹಂಚುವ ಯೋಜನೆಗೆ ಕಾಲ ಬಂದಿಲ್ಲವೆಂದು ನನಗೆ ಅನಿಸುತ್ತದೆ. ನಿರೋಧದ ಭಯ ನಿಜ, ಕ್ಯಾನ್ಸರಿನ ಪ್ರಮಾಣ ಆ ಬೆಲೆಯನ್ನು ಸಮರ್ಥಿಸುವಷ್ಟು ದೊಡ್ಡದಲ್ಲ. ಹಾಗೆಂದು ಎಲ್ಲವನ್ನೂ ಕೊಳವೆಗೆ ಒಪ್ಪಿಸಿ ಐವತ್ತು ವರ್ಷ ಕಾಯಿರೆಂದು ಈಗ ನೋಯುತ್ತಿರುವವರಿಗೆ ಹೇಳುವುದೂ ನ್ಯಾಯವಲ್ಲ. ಹುಣ್ಣಿರುವವರು, ಹಿಂದೆ ಹುಣ್ಣಾಗಿದ್ದವರು, ಒಡಹುಟ್ಟಿದವರಿಗೆ ಅಥವಾ ಹೆತ್ತವರಿಗೆ ಜಠರ ಕ್ಯಾನ್ಸರ್ ಬಂದವರು, ಕಾರಣ ಕಾಣದ ರಕ್ತಹೀನತೆಯವರು, ದೀರ್ಘಕಾಲ ನೋವಿನ ಗುಳಿಗೆ ನುಂಗಬೇಕಾದವರು, ತಿಂಗಳುಗಟ್ಟಲೆ ಹೊಟ್ಟೆಯುರಿ ಬಿಡದವರು: ಇವರಿಗೆ ಪರೀಕ್ಷೆ ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕು. ಮಲದ ಆ್ಯಂಟಿಜೆನ್ ಪರೀಕ್ಷೆಗೆ ಎಂಡೋಸ್ಕೋಪಿಯಷ್ಟು ಸಲಕರಣೆ ಬೇಡ, ಹೈದರಾಬಾದಿನ ಬಸ್ ಚಾರ್ಜೂ ಉಳಿಯುತ್ತದೆ. ಒಬ್ಬರಲ್ಲಿ ಕಂಡರೆ ಅದೇ ಮನೆಯ ವಯಸ್ಕರನ್ನು ನೋಡುವ ಕುಟುಂಬಕೇಂದ್ರಿತ ಕ್ರಮವನ್ನು ಚೀನಾದ ತಜ್ಞರು 2021ರ ಒಮ್ಮತವರದಿಯಲ್ಲಿ ಸೂಚಿಸಿದ್ದಾರೆ. ಇಡೀ ಜಿಲ್ಲೆ ಮತ್ತು ಒಬ್ಬ ರೋಗಿ, ಈ ಎರಡರ ನಡುವಿನ ಅಳತೆ ಅದು, ನಮಗೂ ಒಗ್ಗಬಹುದು. ಲಕ್ಷಣವಿಲ್ಲದ ಚಿಕ್ಕ ಮಕ್ಕಳನ್ನು ಮಾತ್ರ ಈ ಪರೀಕ್ಷೆಯಿಂದ ಹೊರಗಿಡುವುದು ಒಳ್ಳೆಯದು, ಮಾರ್ಗಸೂಚಿಗಳೂ ಹಾಗೆಯೇ ಹೇಳುತ್ತವೆ. ಮಕ್ಕಳ ಪಾಲಿಗೆ ಸಲ್ಲಬೇಕಾದದ್ದು ಸೋರದ ಕೊಳವೆ, ಅಳತೆ ತಪ್ಪದ ಕ್ಲೋರಿನ್, ನೀರಿರುವ ಸಂಡಾಸು, ಗುಳೆ ಹೋದ ಕಡೆಯ ಶೆಡ್ಡಿಗೂ ಅವೇ.

ಓದುಗರಿಗೆ ಒಂದು ಮಾತು. ಬೆರಳು ಚುಚ್ಚಿ ಮಾಡುವ ರಕ್ತದ ಕಾರ್ಡ್ ಪರೀಕ್ಷೆ ಹಳೆಯ ಸೋಂಕನ್ನೂ ಈಗಿನದೆಂದು ತೋರಿಸಬಹುದು, ಅದೊಂದನ್ನೇ ನಂಬಿ ಮಾತ್ರೆ ಶುರುಮಾಡಬೇಡಿ. ಉಸಿರಿನ ಅಥವಾ ಮಲದ ಪರೀಕ್ಷೆಗೆ ಹೋಗುವ ಮುಂಚೆ ಪ್ಯಾಂಟೊಪ್ರಜೋಲ್ ಜಾತಿಯ ಗ್ಯಾಸಿನ ಗುಳಿಗೆಯನ್ನು ಎರಡು ವಾರ, ಆ್ಯಂಟಿಬಯೋಟಿಕ್ಕನ್ನು ನಾಲ್ಕು ವಾರ ಬಿಟ್ಟಿರಬೇಕು. ಇಲ್ಲದಿದ್ದರೆ ಸೋಂಕಿದ್ದೂ ಇಲ್ಲವೆಂದು ಬರಬಹುದು. ಹುಣ್ಣಿರುವವರು ಅಥವಾ ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಏನನ್ನೂ ನಿಲ್ಲಿಸಬಾರದು. ಮಾತ್ರೆ ಶುರುವಾದರೆ ಹದಿನಾಲ್ಕು ದಿನವನ್ನೂ ಮುಗಿಸಿ, ಮುಗಿಸಿದ ನಾಲ್ಕು ವಾರಕ್ಕೆ ಸೋಂಕು ಹೋಗಿದೆಯೇ ಎಂದು ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಕಪ್ಪು ಮಲ, ರಕ್ತದ ವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ತೊಡಕು ಇವು ಕಂಡರೆ ಯಾವ ಪರೀಕ್ಷೆಗೂ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.